ಜಮಾದಾರನ ರಾಜಿ ಪಂಚಾಯಿತಿ

ನೆಂಟರ ಮುಂದೆ ಮೀನಿನ ಕೈಲಿ ಕಚ್ಚಿಸಿಕೊಳ್ಳುವ ಯೋಗ ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ. (ಮೀನಿಗೆ ಕೈಯಿಲ್ಲ, ಒಪ್ಪಿದೆ, ಕಚ್ಚಿಸಿಕೊಂಡವರ ಹತ್ತಿರ ವ್ಯಾಕರಣ ಕೇಳಬಾರದು.) ರಾಜಿರಾಯರ ಹಣೆಯಲ್ಲಿ ಬರೆದಿತ್ತು. "ನೋಡ್ತಿರು, ನನ್ನ ಬೆರಳು ಕಂಡ್ರೆ ಸಾಕು, ಮಗು ಥರ ಓಡಿ ಬರುತ್ತೆ" ಎಂದು ಭಾವಮೈದುನನಿಗೆ ಹೇಳಿ, ಗಾಜಿನ ತೊಟ್ಟಿಯೊಳಗೆ ತೋರುಬೆರಳು ಇಳಿಬಿಟ್ಟರು. ಮೀನು ಓಡಿ ಬಂದಿತು. ಅಲ್ಲಿಯವರೆಗೆ ಅವರ ಮಾತು ನಿಜವೇ. ಆಮೇಲೆ ಅವರು "ಅಯ್ಯಯ್ಯೋ" ಎಂದು ಬಗ್ಗಿದ ರಭಸಕ್ಕೆ ಕನ್ನಡಕ ಮೂಗನ್ನು ತೊರೆದು ನೀರು ಸೇರಿತು. ಮೀನು ಅದರ ಸುತ್ತ ಗಸ್ತು ತಿರುಗಿ ಸ್ವಾಧೀನಪಡಿಸಿಕೊಂಡಿತು. ಕೊನೆಗೆ ರಾಯರ ಹೆಂಡತಿ ಉದ್ದನೆಯ ಸೌಟು ತಂದು ಕನ್ನಡಕವನ್ನು ಬಿಡಿಸಿಕೊಂಡರು.

ಭಾವಮೈದುನ ಹಲ್ಲಿನ ಡಾಕ್ಟರು. ಬೆರಳನ್ನು ಬೆಳಕಿಗೆ ಹಿಡಿದು, "ಒಳ್ಳೇ ಹಲ್ಲು ಭಾವ! ಸಾಲು ಒಂಚೂರೂ ಸೊಟ್ಟಗಿಲ್ಲ" ಎಂದು ಮೆಚ್ಚಿಕೊಂಡ.

ರಾಯರಿಗೆ ಉರಿದದ್ದು ಬೆರಳಿಗಿಂತ ಹೆಚ್ಚಾಗಿ ಹೊಟ್ಟೆ. ಕೌಟುಂಬಿಕ ನ್ಯಾಯಾಲಯದಲ್ಲಿ ಗಂಡ ಹೆಂಡಿರಿಗೆ ರಾಜಿ ಮಾಡಿಸುವುದೇ ಅವರ ಕಸುಬಾಗಿತ್ತು. ರಾಜಿರಾಯರೆಂಬ ಅಡ್ಡಹೆಸರು ಬಂದದ್ದೂ ಹಾಗೆಯೇ. ಪಾತ್ರೆ ಎಸೆದಾಡುತ್ತಾ ಬಂದವರನ್ನು ಒಂದೇ ಸ್ಕೂಟರಿನಲ್ಲಿ ಮನೆಗೆ ಕಳುಹಿಸಿದ ಮಹಾನುಭಾವರು. ನಿವೃತ್ತರಾದ ಮೇಲೆ ಕಕ್ಷಿದಾರರ ಬರ ಬಂದು, ಹೆಂಡತಿಗೂ ಕುಕ್ಕರಿಗೂ ರಾಜಿ ಮಾಡಿಸುವ ಮಟ್ಟಕ್ಕೆ ಇಳಿದಿದ್ದರು. ಆ ಬರ ಪರಿಹಾರಕ್ಕೆಂದೇ ಮೀನಿನ ತೊಟ್ಟಿ ಬಂದದ್ದು: ನಾಲ್ಕು ಸಾಧು ಬೆಳ್ಳಿ ಮೀನುಗಳು, ಮತ್ತು ಹಣೆ ಉಬ್ಬಿದ, ಕಿತ್ತಳೆ ಬಣ್ಣದ, ಬೆರಳು ಕಚ್ಚಿದ ಈ ಜಮಾದಾರ. ಇಡೀ ತೊಟ್ಟಿಯೇ ತನ್ನ ಜಹಗೀರು ಎಂದು ಆತ ತಿಳಿದಿದ್ದ.

"ಭಾನುವಾರದೊಳಗೆ ಇದು ಸರಿಹೋಗ್ಬೇಕು ಕಣ್ರೀ, ಇಲ್ಲಾಂದ್ರೆ ವಾಪಸ್ ಅಂಗಡಿಗೆ" ಎಂದರು ಹೆಂಡತಿ. "ಪಾಪ, ಆ ಬೆಳ್ಳಿ ಮೀನುಗಳ ಬಾಲ ನೋಡಿ, ಸವೆದ ಪೊರಕೆ ಥರ ಆಗಿದೆ."

"ನನ್ನ ಸರ್ವೀಸಲ್ಲಿ ರಾಜಿಯಾಗದ ಕೇಸು ಒಂದಾದ್ರೂ ಇದೆಯಾ, ಹೇಳು ನೋಡೋಣ!"

"ಭಾಷಣ ನಿಂತರೆ ಸಾಕು ಅಂತ ಸಹಿ ಹಾಕಿರ್ತಾರೆ ಬಿಡಿ."

"ಭಾನುವಾರ ನಾನೂ ಬರ್ತೀನಿ ಅಕ್ಕ" ಎಂದ ಡಾಕ್ಟರು. "ಭಾವ ಸೋಲೋದನ್ನ ಇವತ್ತಿನವರೆಗೂ ನೋಡಿಲ್ಲ."

ಇನ್ನು ಮೀನ ಮೇಷ ಎಣಿಸುವಂತಿರಲಿಲ್ಲ. ಜಮಾದಾರ ಅಂಗಡಿಗೆ ಹೋದರೆ ಅವನ ಹಿಂದೆ ರಾಯರ ಮಾನವೂ ಹೋಗುತ್ತದೆ. ಅವರು ನ್ಯಾಯಾಲಯದ ಕ್ರಮವನ್ನೇ ಹಿಡಿದರು. ಮೊದಲು ಪ್ರತ್ಯೇಕ ವಿಚಾರಣೆ. ಜಮಾದಾರನನ್ನು ಬಿಸ್ಕತ್ತಿನ ಗಾಜಿನ ಡಬ್ಬಿಗೆ ವರ್ಗಾಯಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು, "ನೋಡಪ್ಪಾ, ಹೊಂದಾಣಿಕೆ ಅಂದ್ರೆ ಸೋಲಲ್ಲ" ಎಂದು ಆರಂಭಿಸಿದರು. ಜಮಾದಾರ ಬಾಯಿ ತೆರೆದ, ಮುಚ್ಚಿದ, ತೆರೆದ. ಇಷ್ಟು ಗಮನವಿಟ್ಟು ಕೇಳುವ ಕಕ್ಷಿದಾರ ಅವರಿಗೆ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ. ಸಂಜೆ ಜಂಟಿ ಸಭೆಗೆಂದು ತೊಟ್ಟಿಗೆ ಬಿಟ್ಟರೆ, ಆತ ನೇರವಾಗಿ ಹೋಗಿ ಒಂದು ಬಾಲದ ತುದಿಯನ್ನು ಕಿತ್ತು ಸಭೆಯನ್ನು ಬರಖಾಸ್ತು ಮಾಡಿದ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಂಬಿ, ಮರುದಿನ ಐವರಿಗೂ ಒಂದೇ ಮೂಲೆಯಲ್ಲಿ ಸಹಭೋಜನ ಏರ್ಪಡಿಸಿದರು. ಜಮಾದಾರ ಉಂಡ. ಉಳಿದ ನಾಲ್ವರು ಉಪವಾಸ ಮಲಗಿದರು.

ಹೀಗೆ ವಾರ ಕಳೆದು ಭಾನುವಾರ ಬಂತು. ರಾಯರು ಸಪ್ಪೆ ಮೋರೆ ಹೊತ್ತು ಕ್ಷೌರಕ್ಕೆ ಹೋದರು. ತಿರುಗಿ ಬಂದಾಗ ಡಾಕ್ಟರು ತೊಟ್ಟಿಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದ (ರೋಗಿಗಳಿಗೆ ಹೇಳುವುದನ್ನು ಒಮ್ಮೆ ತಾನೂ ಮಾಡಲಿ). ಒಳಗೆ ರಾಮರಾಜ್ಯ! ಬೆಳ್ಳಿ ಮೀನುಗಳು ಬಲಗಡೆ ಹಾಯಾಗಿ ಈಜುತ್ತಿದ್ದವು. ಜಮಾದಾರ ಎಡಗಡೆ ಪಿಂಚಣಿದಾರನಂತೆ ಸುಮ್ಮನೆ ತೇಲುತ್ತಿದ್ದ.

"ನೋಡಿದ್ಯಾ!" ರಾಯರ ಎದೆ ಉಬ್ಬಿತು. "ನನ್ನ ಮಾತು ನಾಟೋಕೆ ಸ್ವಲ್ಪ ಟೈಮ್ ಹಿಡಿಯುತ್ತೆ, ಅಷ್ಟೇ. ಮನಪರಿವರ್ತನೆ ಕಣಯ್ಯ, ಮನಪರಿವರ್ತನೆ!"

"ಭಾವ, ನಡುವೆ ಏನೋ ಇದೆಯಲ್ಲ?"

ರಾಯರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು, ಈ ಸಲ ಒಂದು ಮೊಳ ದೂರದಿಂದ. ತೊಟ್ಟಿಯ ನಟ್ಟನಡುವೆ ಬಾಲ್ಕನಿಯ ಒಡಕು ಹೂಕುಂಡ ಬೋರಲು ಬಿದ್ದಿತ್ತು, ಅದರ ಮಗ್ಗುಲಲ್ಲಿ ಚಪ್ಪಡಿ ಕಲ್ಲುಗಳು ಗೋಡೆಯಂತೆ ನಿಂತಿದ್ದವು.

"ನಾನೇ ಇಟ್ಟೆ" ಎಂದರು ಹೆಂಡತಿ, ಒದ್ದೆ ಕೈ ಒರೆಸಿಕೊಳ್ಳುತ್ತಾ. "ಒಬ್ಬರ ಮುಖ ಒಬ್ಬರಿಗೆ ಕಾಣದಿದ್ರೆ ಆಯ್ತು, ಅವರಷ್ಟಕ್ಕೆ ಅವರಿರ್ತಾರೆ. ಜಮಾದಾರ ಇಲ್ಲೇ ಇರಲಿ ಬಿಡಿ, ಪಾಪ."

ಬಗ್ಗಿದ್ದ ರಾಯರು ನೆಟ್ಟಗಾದರು. ಆಮೇಲೆ, ಸೋಲನ್ನೂ ಘನತೆಯಿಂದ ಸ್ವೀಕರಿಸುವ ಅಧಿಕಾರಿಯ ದನಿಯಲ್ಲಿ ಕೇಳಿದರು: "ಅಲ್ಲಾ ಕಣೇ, ನನಗೇ ಹೊಳೆಯದ ಈ ಸಂಧಾನ ಸೂತ್ರ ನಿನಗೆಲ್ಲಿ ಸಿಕ್ತು?"

"ನೀವು ರಿಟೈರ್ ಆಗಿ ಮನೇಲಿ ಕೂತ ವಾರಾನೇ ಸಿಕ್ತು. ಆ ಪುಸ್ತಕದ ಬೀರೂನ ಎಳ್ಕೊಂಡು ಬಂದು ನಿಮ್ಮ ಕುರ್ಚಿಗೂ ಅಡುಗೆಮನೆ ಬಾಗಿಲಿಗೂ ನಡುವೆ ಯಾಕೆ ನಿಲ್ಲಿಸಿದೆ ಅಂದ್ಕೊಂಡಿದ್ರಿ, ಓದೋಕಾ?"