ಎರಡಿದ್ದದ್ದು ನಾಲ್ಕೇ ಆಗಬೇಕು

ಕದ್ದುಮುಚ್ಚಿ ಏನನ್ನೂ ಮಾಡಿದವಳಲ್ಲ ನಾನು. ಆದರೂ ತೊಂಬತ್ತರ ದಶಕದಲ್ಲಿ ಗುಜರಾತಿನಲ್ಲಿದ್ದಷ್ಟು ದಿನ ಯಾರಾದರೊಬ್ಬರು ನನ್ನನ್ನು ಅನುಮಾನದಿಂದ ನೋಡುತ್ತಲೇ ಇದ್ದರು. ನನ್ನವರದು ವಿಮಾ ಕಂಪನಿಯ ನೌಕರಿ. ಧಾರವಾಡದಿಂದ ವಡೋದರಾಕ್ಕೆ ವರ್ಗವಾಯಿತು. ಮನೆಯಲ್ಲಿ ಸುಮ್ಮನೆ ಕೂರಲಾರದೆ ನಾನು ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ.ಗೆ ಸೇರಿದೆ. ಎಲ್ಲ ಶುರುವಾದದ್ದು ಅಲ್ಲಿಂದ.

೧. ಇಲಿಯ ಶ್ರಾದ್ಧ

ಮನೆ ಮಾಲಕಿ ಕೆಳಗಡೆ ಇದ್ದರು. ಈರುಳ್ಳಿಯ ವಾಸನೆ ಬಂದರೂ ಮೆಟ್ಟಿಲು ಹತ್ತಿ ಬಂದು ವಿಚಾರಿಸುವವರು. ಒಂದು ದಿನ, ಅಲ್ಲಿ ಎಲ್ಲ ಹೆಂಗಸರನ್ನೂ ಕರೆಯುವ ಹಾಗೆ ‘ಬೇನ್’, ಅಂದರೆ ಅಕ್ಕಾ, ಎಂದು ಕರೆದು ಕೇಳಿದರು, “ಬೇನ್, ದಿನವಿಡೀ ಅಲ್ಲಿ ಏನು ಮಾಡ್ತೀರಿ?”

“ಸೆಲ್ ನೋಡ್ತೀನಿ.”

“ಯಾವ ಅಂಗಡಿಯ ಸೇಲ್?”

ಅಂಗಡಿಯದಲ್ಲ, ಜೀವಕೋಶ ಎಂದು ಬಿಡಿಸಿ ಹೇಳಿದೆ. ಯಾವ ಜೀವ ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲ. “ಚೀನಾದ ಒಂದು ಜಾತಿಯ ಇಲಿ” ಅಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

“ಇಲಿ ಕೊಲ್ತೀರಾ?”

“ಛೇ, ಇಲ್ಲ. ಅದು ಸತ್ತು ಮೂವತ್ತು ವರ್ಷದ ಮೇಲಾಯ್ತು. ಅದರ ಕೋಶ ಮಾತ್ರ ಗಾಜಿನ ಬಟ್ಟಲಲ್ಲಿ ಇನ್ನೂ ಬದುಕಿವೆ, ಒಡೆದು ಒಡೆದು ಬೆಳೀತಾನೇ ಇವೆ.”

ಅವರು ಕಣ್ಣು ಮುಚ್ಚಿ ಕೈ ಮುಗಿದರು. ಆಮೇಲೆ ದನಿ ತಗ್ಗಿಸಿ, “ಬೇನ್, ಆ ಇಲಿಯ ಶ್ರಾದ್ಧ ಸರಿಯಾಗಿ ಆಗಿಲ್ಲ” ಅಂದರು.

೨. ಗೈಡ್ ಸಾಹೇಬರ ಎಣಿಕೆ

ನನ್ನ ವಿಷಯ ಸೆಂಟ್ರಿಯೋಲ್. ಕೋಶದೊಳಗಿನ ಪುಟ್ಟ ಪುಟ್ಟ ಕೊಳವೆಗಳು ಅವು. ಕೋಶವೊಂದರಲ್ಲಿ ಮೊದಲು ಎರಡಿರುತ್ತವೆ. ಕೋಶ ಇಬ್ಭಾಗವಾಗುವ ಮುಂಚೆ ಪ್ರತಿಯೊಂದರ ಮಗ್ಗುಲಲ್ಲೂ ಒಂದೇ ಒಂದು ಹೊಸದು ಹುಟ್ಟುತ್ತದೆ. ಎರಡಿದ್ದದ್ದು ನಾಲ್ಕಾಗಿ, ಮರಿಕೋಶಗಳಿಗೆ ಎರಡೆರಡು ಪಾಲಾಗುತ್ತದೆ. ಹೆಚ್ಚಾದರೆ ಅನಾಹುತ: ಕೋಶ ಎರಡು ಕಡೆ ಎಳೆಯುವ ಬದಲು ಮೂರು ನಾಲ್ಕು ಕಡೆ ಎಳೆದು ಒಳಗಿನದನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತದೆ. ಒಂದೇ ಸಾಕು ಎಂದು ಕೋಶಕ್ಕೆ ಹೇಳುವವರು ಯಾರು? ಅದೇ ನನ್ನ ಪ್ರಶ್ನೆ.

ಒಂದು ಔಷಧ ಹಾಕಿ ಕೋಶ ಮುಂದೆ ಒಡೆಯದಂತೆ ನಡುದಾರಿಯಲ್ಲೇ ತಡೆದು ನಿಲ್ಲಿಸಿದೆ. ನೋಡಿದರೆ ನಿಂತಲ್ಲೇ ಸೆಂಟ್ರಿಯೋಲ್ ಹುಟ್ಟುತ್ತಲೇ ಇವೆ! ಐದು, ಆರು, ಎಂಟು.

ನನ್ನ ಗೈಡ್ ಗಡಿಯಾರವನ್ನೂ ಇನ್ನೊಂದು ಗಡಿಯಾರ ನೋಡಿ ನಂಬುವ ಮನುಷ್ಯ. “ಎಂಟಾ? ಕಸ ಎಣಿಸಿದ್ದೀಯ” ಅಂದರು. ಔಷಧ ಹಾಕಿದ್ದು ಯಾವುದೆಂದು ನನಗೆ ತಿಳಿಯದಂತೆ ಸ್ಲೈಡಿನ ಹೆಸರುಗಳ ಮೇಲೆಲ್ಲ ಕಾಗದ ಅಂಟಿಸಿ ಮತ್ತೆ ಎಣಿಸಲು ಹೇಳಿದರು. ಮತ್ತೆ ಎಂಟೇ ಬಂತು. “ನಿನ್ನ ಕನ್ನಡಕ ಕೊಡು” ಎಂದು ಅದನ್ನು ತಾವೇ ಹಾಕಿಕೊಂಡು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬೆವರು ಒರೆಸಿಕೊಂಡರು. “ಹದಿನಾರು ಕಾಣ್ತಿದೆ. ನೋಡಿದೆಯಾ, ನಿನ್ನ ಕನ್ನಡಕದ್ದೇ ತಪ್ಪು!”

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಫೋಟೋ ತರದಿದ್ದರೆ ಪ್ರಬಂಧಕ್ಕೆ ಸಹಿ ಇಲ್ಲ ಎಂದುಬಿಟ್ಟರು. ಆ ಯಂತ್ರ ಇದ್ದದ್ದು ಅಹಮದಾಬಾದಿನಲ್ಲಿ. ಮೂರು ವರ್ಷದ ದುಡಿಮೆಯನ್ನು ನಾಲ್ಕು ಗಾಜಿನ ಶೀಶೆಗಳಲ್ಲಿ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಹೊರಟೆ.

೩. ಖಾಲಿಯಾದ ಬೋಗಿ

ಸೂರತ್ತಿನಲ್ಲಿ ಪ್ಲೇಗ್ ಎಂದು ಸುದ್ದಿ ಹಬ್ಬಿದ್ದ ದಿನಗಳು ಅವು. ನಾನು ಹತ್ತಿದ ರೈಲು ಸೂರತ್ ಕಡೆಯಿಂದಲೇ ಬಂದದ್ದು. ಬೋಗಿಯ ತುಂಬ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಜನ. ಕೆಮ್ಮು ಬಂದವರು ಕೆಮ್ಮನ್ನೇ ನುಂಗುತ್ತಿದ್ದರು. ನನಗೆ ಸೀಟಿನ ತುದಿಯಲ್ಲಿ ಅರ್ಧ ತೊಡೆಯಷ್ಟು ಜಾಗ. ಡಬ್ಬಿಯನ್ನು ಮಡಿಲಲ್ಲಿ ಅವುಚಿಕೊಂಡಿದ್ದೆ.

ಎದುರಿನ ಸಫಾರಿ ಸೂಟಿನವರು ಡಬ್ಬಿಯನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಕೇಳಿದರು, “ಅದರಲ್ಲೇನು ಬೇನ್? ಢೋಕ್ಲಾ?”

“ಅಲ್ಲ. ಸ್ಯಾಂಪಲ್.”

“ಯಾತರದು?”

ಮತ್ತೆ ಅದೇ ನನ್ನ ಕೆಟ್ಟ ಚಟ, ನಿಜ ಹೇಳಿಬಿಟ್ಟೆ. “ಇಲಿಯದು.”

ಮುಂದಿನ ನಿಲ್ದಾಣ ಬರುವವರೆಗೂ ಯಾರೂ ಉಸಿರೆತ್ತಲಿಲ್ಲ. ಬಂದ ಮೇಲೆ ಯಾರೂ ಉಳಿಯಲಿಲ್ಲ. ಅಹಮದಾಬಾದಿನವರೆಗೆ ನಾನು ಕಾಲು ಚಾಚಿ ಮಲಗಿಕೊಂಡು ಹೋದೆ.

೪. ಫೋಟೋದ ಹಿಂಬದಿ

ಫೋಟೋ ಚೆನ್ನಾಗಿ ಬಂತು. ಹಳೆಯ ಸೆಂಟ್ರಿಯೋಲ್, ಮಗ್ಗುಲಲ್ಲಿ ಹೊಸದು, ಎಲ್ಲ ಸ್ಪಷ್ಟ. ಗೈಡ್ ಅದನ್ನು ಕೈಯಲ್ಲಿ ಹಿಡಿದು ಉಗುರಿನಿಂದ ಕೆರೆದರು. ತಿರುಗಿಸಿ ಹಿಂಬದಿ ನೋಡಿದರು. “ಯಾವ ಪುಸ್ತಕದಿಂದ ಕತ್ತರಿಸಿದ್ದು?”

ನನಗೆ ಕಣ್ಣಲ್ಲಿ ನೀರೇ ಬಂತು. “ಸರ್, ಅಹಮದಾಬಾದಿಗೆ ಫೋನ್ ಮಾಡಿ ನೀವೇ ಕೇಳಿ” ಅಂದೆ.

ಮಾಡಿದರು. ಆ ಯಂತ್ರ ನೋಡಿಕೊಳ್ಳುವವರು ಗೈಡ್‌ಗಿಂತ ಒಂದು ಕೈ ಮೇಲು. “ನೀವೇ ಆಕೆಯ ಗೈಡ್ ಅಂತ ಏನು ಗ್ಯಾರಂಟಿ? ಇನ್ನೊಬ್ಬರ ಫೋಟೋ ವಿಷಯ ಫೋನಿನಲ್ಲಿ ಹೇಳೋದಿಲ್ಲ” ಎಂದು ಇಟ್ಟೇಬಿಟ್ಟರು. ಸಾಹೇಬರು ರಿಸೀವರನ್ನು ಒಂದು ಗಳಿಗೆ ನೋಡಿದರು. ಮುಖ ಅರಳಿತು.

“ನಂಬಿಕಸ್ಥ ಮನುಷ್ಯ” ಎಂದು ಸಹಿ ಹಾಕಿದರು.

೫. ಅತ್ತೆಯವರ ಉತ್ತರ

ನನ್ನ ಮೌಖಿಕ ಪರೀಕ್ಷೆಯ ಹೊತ್ತಿಗೆ ಅತ್ತೆ ಧಾರವಾಡದಿಂದ ಬಂದಿದ್ದರು. ಸೊಸೆ ದಿನಾ ಎಲ್ಲಿಗೆ ಹೋಗುತ್ತಾಳೆ ಎಂಬ ಸಂಶಯ ಅವರಿಗೆ ಮೊದಲಿನಿಂದಲೂ ಇತ್ತು. ನಮಗೆ ಒಬ್ಬಳೇ ಮಗಳು. ಇನ್ನೊಂದು ಯಾಕಿಲ್ಲ ಎಂಬ ಸಂಶಯವೂ ಜೊತೆಗಿತ್ತು. ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು ಎಂದು ತಿಳಿದು ಹಿಂದಿನ ಸಾಲಿನಲ್ಲಿ ಬಂದು ಕೂತರು.

ಪರೀಕ್ಷಕರು ಮೈಸೂರಿನವರು. ಮಾತೆಲ್ಲ ಇಂಗ್ಲಿಷಿನಲ್ಲಿ. ಹಳೆಯ ಸೆಂಟ್ರಿಯೋಲಿಗೆ ನಾವು ‘ಮದರ್’ ಎನ್ನುತ್ತೇವೆ, ಹೊಸದಕ್ಕೆ ‘ಡಾಟರ್’. ಅಷ್ಟು ಇಂಗ್ಲಿಷು ಅತ್ತೆಗೂ ಬರುತ್ತಿತ್ತು. ಒಂದು ಗಂಟೆ ಮದರ್, ಡಾಟರ್, ಓನ್ಲಿ ಒನ್, ಸ್ಟಾಪ್ ಎಂದೇ ಕೇಳಿ ಕೇಳಿ ಅವರ ಮುಖ ಬಿಗಿಯುತ್ತಾ ಬಂತು.

ಪರೀಕ್ಷಕರು ಕೊನೆಯ ಪ್ರಶ್ನೆ ಹಾಕಿದರು. “ಎಲ್ಲ ಸರಿ. ಮಾಮೂಲಿ ಕೋಶದಲ್ಲಿ ಮದರ್ ಒಂದೇ ಡಾಟರಿಗೆ ಯಾಕೆ ನಿಲ್ಲಿಸುತ್ತೆ?”

“ಗೊತ್ತಿಲ್ಲ ಸರ್” ಅಂದೆ. ಆಗ ಜಗತ್ತಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೈಡ್ ಕಣ್ಣು ಮುಚ್ಚಿಕೊಂಡರು.

ಹಿಂದಿನ ಸಾಲಿನಿಂದ ಅತ್ತೆ ಎದ್ದು ನಿಂತರು. ಅಪ್ಪಟ ಧಾರವಾಡದ ಕನ್ನಡ.

“ಅಲ್ಲರೀ ಸಾಹೇಬ್ರ, ಅಕೀನ್ನ ಏನ್ ಕೇಳ್ತೀರಿ? ಅಕಿ ಹಡದದ್ದ ಒಂದು. ಎಂಟ ಹಡದಾಕಿ ನಾ ಇಲ್ಲಿ ಕುಂತೇನಿ, ನನ್ನ ಕೇಳ್ರಿ. ಹುಟ್ಟಿದ ಕೂಸು ತಾಯಿ ಮಗ್ಗಲಕ್ಕ ಅಂಟಿಕೊಂಡಿರೋತನಕಾ ಇನ್ನೊಂದು ಎಲ್ಲಿಂದ ಬರತೈತಿ? ಅದು ಬಿಟ್ಟು ಸರೀಬೇಕು, ಆಮ್ಯಾಲ ಮುಂದಿಂದು!”

ಕನ್ನಡ ಬಾರದ ಗೈಡ್ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಪರೀಕ್ಷಕರು ನಕ್ಕೂ ನಕ್ಕೂ ನೀರು ಕುಡಿದು, ನನ್ನನ್ನು ಪಾಸು ಮಾಡಿದರು.

ಹಲವು ವರ್ಷಗಳ ಮೇಲೆ ಒಂದು ವಿಜ್ಞಾನ ಪತ್ರಿಕೆ ಓದುತ್ತಿದ್ದವಳು ಕುರ್ಚಿಯಿಂದ ಎದ್ದೇಬಿಟ್ಟೆ. ಹೊಸ ಸೆಂಟ್ರಿಯೋಲ್ ತಾಯಿಯ ಮಗ್ಗುಲಿಗೆ ಅಂಟಿಕೊಂಡಿರುವವರೆಗೆ ತಾಯಿ ಇನ್ನೊಂದನ್ನು ಹುಟ್ಟಿಸುವುದಿಲ್ಲವಂತೆ. ಅದು ಕಳಚಿಕೊಂಡ ಮೇಲೇ ಮುಂದಿನದಂತೆ! ಕೂಡಲೇ ಅತ್ತೆಗೆ ಫೋನ್ ಮಾಡಿ, “ನೀವು ಹೇಳಿದ್ದೇ ಖರೇ ಆತು ನೋಡ್ರಿ, ಫಾರಿನ್ನಿನವರು ಕಂಡುಹಿಡಿದಾರ” ಅಂದೆ.

ಆ ಕಡೆಯಿಂದ ಅತ್ತೆಯ ದನಿ ಏರಿತು:

“ಅವರಿಗೆ ಹೆಂಗ ಗೊತ್ತಾತು? ಆ ಮೈಸೂರಿನಾಂವನ ಹೋಗಿ ಹೇಳಿರಬೇಕು!”