ನನ್ನ ಎರಡು ಎಕ್ಕ, ಅವಳ ಮೂರು ಐದು

ಮುಖ ನೋಡಿ ಮನಸ್ಸು ಓದುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ರಾಸ್‌ಕಾಮನ್ ಜಿಲ್ಲೆಯಲ್ಲೇ ಹುಟ್ಟಿಲ್ಲ ಎಂದು ನಾನು ನಂಬಿದ್ದೆ. ನಂಬದೆ ಏನು ಮಾಡಲಿ? ಕಿಲ್‌ಕ್ರೀವಿಯ ದನದ ಸಂತೆಯಲ್ಲಿ ಮೂವತ್ತನಾಲ್ಕು ವರ್ಷದಿಂದ ಹರಾಜು ಕೂಗುತ್ತಿರುವ, ಮಾಲಕಿ ಗ್ಯಾಫ್ನಿ ಎಂಬ ಹೆಸರಿನವನು ನಾನೇ. ನಮ್ಮ ಐರ್ಲೆಂಡಿನ ರೈತ ಹರಾಜಿನಲ್ಲಿ ಬಾಯಿ ಬಿಟ್ಟು ಬೆಲೆ ಹೇಳಿದ್ದನ್ನು ಕಂಡವರಿಲ್ಲ. ಒಬ್ಬ ಹುಬ್ಬನ್ನು ಕೂದಲೆಳೆಯಷ್ಟು ಏರಿಸುತ್ತಾನೆ. ಇನ್ನೊಬ್ಬ ಕಂಬಿಯ ಮೇಲಿನ ಬೆರಳೊಂದನ್ನು ಎತ್ತುತ್ತಾನೆ. ಮತ್ತೊಬ್ಬ ಮೂಗು ತುರಿಸಿಕೊಳ್ಳುತ್ತಾನೆ. ಅವನಿಗೆ ನಿಜವಾಗಿ ಮೂಗು ತುರಿಸಿತೋ, ಇಲ್ಲಾ ಹೋರಿ ಬೇಕಾಗಿದೆಯೋ, ಅರೆಕ್ಷಣದಲ್ಲಿ ತೀರ್ಪು ಕೊಡುವ ನ್ಯಾಯಾಧೀಶ ನಾನು! ಇಷ್ಟು ವರ್ಷದಲ್ಲಿ ಒಬ್ಬನಿಗೆ ಮಾತ್ರ ಬೇಡದ ಟಗರನ್ನು ತಗುಲಿಹಾಕಿದ್ದೇನೆ. ಪಾಪ, ಅವನಿಗೆ ನೆಗಡಿಯಾಗಿತ್ತು.

ಹೀಗಿರುವಾಗ, ಚರ್ಚಿನ ಸಭಾಂಗಣದ ಮಾಡು ಸೋರುತ್ತಿದೆ, ಅದರ ಸಹಾಯಾರ್ಥ ಭಾನುವಾರ ಪೂಜೆ ಮುಗಿದ ಮೇಲೆ ಪೋಕರ್ ಪಂದ್ಯ, ಮೊದಲ ಬಹುಮಾನ ಅರ್ಧ ಹೋರಿಯ ಮಾಂಸ ಎಂದು ಫಾದರ್ ಅಲ್ತಾನ್ ಸಾರಿದರು. ನನ್ನ ಹೆಂಡತಿ ಅಟ್ರಾಕ್ಟಳ ಮುಂದೆ ಶನಿವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಾನು ಘೋಷಿಸಿಯೇಬಿಟ್ಟೆ.

"ಫ್ರೀಜರ್ ಖಾಲಿ ಮಾಡು! ಆ ಅರ್ಧ ಹೋರಿ ನಮ್ಮನೆಗೇ ಬರೋದು."

"ಯಾವ ಅರ್ಧ? ಕೊಂಬಿರೋದಾ, ಬಾಲ ಇರೋದಾ?"

"ನಗು, ನಗು. ಪೋಕರ್ ಅಂದ್ರೆ ಎಲೆ ಆಡೋದಲ್ಲ ಕಣೇ, ಎದುರಿಗೆ ಕೂತೋನನ್ನ ಆಡೋದು. ನನ್ನ ಕಣ್ಣು ತಪ್ಪಿಸೋ ಗಂಡು ಈ ಊರಲ್ಲಿಲ್ಲ."

"ಕಣ್ಣು ಸರಿ ಇದೆ, ಒಪ್ಪಿದೆ. ಎದೆ?"

ನಾನು ಟೋಸ್ಟಿಗೆ ಬೆಣ್ಣೆ ಹಚ್ಚುವುದರಲ್ಲಿ ತಲ್ಲೀನನಾದೆ.

ವಿಷಯ ಇಷ್ಟು. ಮಾರ್ಚ್ ತಿಂಗಳ ಸಂತ ಪ್ಯಾಟ್ರಿಕ್ ಹಬ್ಬದಿಂದೀಚೆಗೆ ಹರಾಜಿನ ಕಟ್ಟೆಯ ಏಳು ಮೆಟ್ಟಿಲು ಹತ್ತುವಷ್ಟರಲ್ಲಿ ಎದೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಗುತ್ತಿತ್ತು. ಕೂತರೆ ಬಿಡುತ್ತಿತ್ತು. ಅಟ್ರಾಕ್ಟ ಮೂರು ಸಲ ಡಾಕ್ಟರ ಬಳಿ ಸಮಯ ಗೊತ್ತು ಮಾಡಿದ್ದಳು. ಒಮ್ಮೆ ಹಸು ಕರು ಹಾಕಿತು, ಒಮ್ಮೆ ಸಂತೆ ಅಡ್ಡ ಬಂತು, ಮೂರನೆಯ ಸಲ ಬಿಸಿಲು ಚೆನ್ನಾಗಿದೆ ಎಂದು ತಪ್ಪಿಸಿಕೊಂಡೆ. ಬಿಸಿಲು ನಮ್ಮೂರಿನಲ್ಲಿ ಯಾವುದಕ್ಕೂ ಸಾಲುವ ಕಾರಣ. ಆದರೆ ನಿಜ ಹೇಳಲೇ? ನನಗೆ ಭಯವಾಗಿತ್ತು. ನನ್ನ ಅಪ್ಪ ಇದೇ ಸಂತೆಯ ಗೇಟಿನಲ್ಲಿ, ಒಂದು ಕೈ ಹಸುವಿನ ಬೆನ್ನ ಮೇಲಿಟ್ಟುಕೊಂಡೇ, ಅರವತ್ತೆರಡನೆಯ ವಯಸ್ಸಿಗೆ ಕುಸಿದವನು. ನನಗೆ ಅರವತ್ತೆರಡು ತುಂಬಲು ಎರಡು ತಿಂಗಳಿತ್ತು.

"ಸರಿ, ಒಂದು ಪಣ ಕಟ್ಟೋಣ," ಎಂದಳು ಅಟ್ರಾಕ್ಟ. "ಪಂದ್ಯದಲ್ಲಿ ಒಂದು ಕುರ್ಚಿ ಖಾಲಿ ಇದೆಯಂತೆ, ಫಾದರ್ ನನ್ನನ್ನೂ ಕರೆದಿದಾರೆ. ನಿನಗಿಂತ ಮುಂಚೆ ನಾನು ಸೋತು ಎದ್ರೆ ಇನ್ನು ಡಾಕ್ಟರ್ ಹೆಸರೆತ್ತಲ್ಲ. ನೀನು ಮೊದಲು ಎದ್ಯೋ, ಮಂಗಳವಾರ ತೆಪ್ಪಗೆ ಕಾರು ಹತ್ತಬೇಕು."

ನಕ್ಕು ನಕ್ಕು ಚಹಾ ನೆತ್ತಿಗೇರಿತು. ಇವಳು ಪೋಕರ್ ಎಲೆ ಹಿಡಿದವಳೇ ಅಲ್ಲ! ಇವಳದ್ದೇನಿದ್ದರೂ ನಮ್ಮ ಹಳ್ಳಿಗಳ ಹಳೆಯ ಆಟ, 'ಇಪ್ಪತ್ತೈದು'. ಚಳಿಗಾಲವಿಡೀ ಊರಿನ ಹೆಂಗಸರೊಂದಿಗೆ ಅದನ್ನಾಡಿ ಪ್ರತಿ ಕ್ರಿಸ್‌ಮಸ್‌ಗೂ ಒಂದು ಟರ್ಕಿ ಕೋಳಿ ಗೆದ್ದು ತರುತ್ತಾಳೆ. ಆ ಆಟದ ಕಟ್ಟಳೆಯೇ ವಿಚಿತ್ರ. ಅಲ್ಲಿ ತುರುಪಿನ ಐದು ಎಲ್ಲಕ್ಕಿಂತ ದೊಡ್ಡ ಎಲೆ, ಅದರ ಕೆಳಗೆ ಗುಲಾಮ. ರಾಜ ರಾಣಿಯರೆಲ್ಲ ಅವರ ಮುಂದೆ ಕೈಕಟ್ಟಿ ನಿಲ್ಲಬೇಕು.

"ಪಣಕ್ಕೆ ಒಪ್ಪಿದೆ!" ಎಂದು ಮೇಜು ಗುದ್ದಿದೆ.

ಭಾನುವಾರ ಮಧ್ಯಾಹ್ನ ನಲವತ್ತು ಜನ ಆಡಲು ಕೂತೆವು. ಮಾಡು ಸೋರುವಲ್ಲೆಲ್ಲ ಬಕೆಟ್ಟು, ಬಕೆಟ್ಟು ತಪ್ಪಿಸಿ ಮೇಜು. ನನ್ನ ದೌರ್ಭಾಗ್ಯಕ್ಕೆ ಅಟ್ರಾಕ್ಟ ನನ್ನದೇ ಮೇಜಿಗೆ ಬಿದ್ದಳು. ಎಲೆ ಹಂಚುವವರು ಸ್ವತಃ ಫಾದರ್. ಒಬ್ಬೊಬ್ಬರಿಗೆ ಎರಡೆರಡು ಎಲೆ ಗುಟ್ಟಾಗಿ, ಆಮೇಲೆ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬಹಿರಂಗವಾಗಿ. ಒಂದೇ ಬಗೆಯ ಎಲೆ ಜೋಡಿಯಾದರೆ ಬಲ, ಮೂರಾದರೆ ಇನ್ನೂ ಬಲ; ಜೋಡಿಗಳಲ್ಲಿ ಎಕ್ಕದ್ದೇ ದೊಡ್ಡದು. ನಡುನಡುವೆ ದುಡ್ಡಿನ ಬದಲು ಬಿಲ್ಲೆ ಹೂಡುವುದು. ಬಿಲ್ಲೆ ಮುಗಿದವನು ಎದ್ದು ಹೋಗಿ ಸ್ಯಾಂಡ್‌ವಿಚ್ ತಿನ್ನುವುದು.

ಮೊದಲನೇ ಆಟದಲ್ಲೇ ನನಗೆ ಇಬ್ಬರು ರಾಜರು! ನಾನು ಮುಖ ಕಲ್ಲು ಮಾಡಿಕೊಂಡು ಕೂತೆ. ಅಷ್ಟರಲ್ಲಿ ಅಟ್ರಾಕ್ಟ ತನ್ನ ಎರಡು ಎಲೆ ನೋಡಿದಳು. ಮುಖ ಹೇಗೆ ಅರಳಿತೆಂದರೆ, ನಮ್ಮ ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ.

"ಎಲ್ಲಾ!" ಎಂದು ಅಷ್ಟೂ ಬಿಲ್ಲೆಗಳನ್ನು ಎರಡೂ ಕೈಯಿಂದ ಮುಂದೆ ತಳ್ಳಿದಳು.

ನಾನು ಓದಿದೆ. ಕಣ್ಣಲ್ಲಿ ಕಪಟವಿಲ್ಲ, ಕೈಯಲ್ಲಿ ನಡುಕವಿಲ್ಲ, ಉಸಿರು ಸಲೀಸು. ಇದು ನಾಟಕವಲ್ಲ, ಇವಳ ಹತ್ತಿರ ನಿಜಕ್ಕೂ ಎರಡು ಎಕ್ಕ ಇವೆ ಎಂದು ನನ್ನ ಮೂವತ್ತನಾಲ್ಕು ವರ್ಷದ ಅನುಭವ ಕೂಗಿ ಹೇಳಿತು. ಹೃದಯದ ಮೇಲೆ ಕಲ್ಲಿಟ್ಟುಕೊಂಡು ಇಬ್ಬರು ರಾಜರನ್ನೂ ಬೋರಲು ಹಾಕಿ ಕೈಬಿಟ್ಟೆ. ಉಳಿದವರೂ ಬಿಟ್ಟರು. ಅಟ್ರಾಕ್ಟ ಹೆಮ್ಮೆಯಿಂದ ತನ್ನ ಎಲೆಗಳನ್ನು ಎಲ್ಲರಿಗೂ ತೋರಿಸಿದಳು. ಆಟೀನ್ ಐದು, ಆಟೀನ್ ಗುಲಾಮ!

"ಐದು ಮತ್ತು ಗುಲಾಮ! ಮೊದಲ ಸಲಕ್ಕೇ! ಇದಕ್ಕಿಂತ ಇನ್ನೇನು ಬೇಕು?"

ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಫಾದರ್ ಕಣ್ಣೊರೆಸಿಕೊಂಡು ಹೇಳಿದರು, "ಅಟ್ರಾಕ್ಟ, ಮಗಳೇ, ಇಲ್ಲಿ ಐದು ಅಂದ್ರೆ ಬರೀ ಐದು."

"ಅಯ್ಯೋ ದೇವ್ರೇ, ಹೌದಾ?" ಎಂದಳು ಇವಳು.

ಪಕ್ಕದಲ್ಲಿದ್ದ ಕುರಿ ಸಾಕುವ ಪ್ಯಾಕಿ ಡೋಲನ್ ನನ್ನನ್ನು ಮೊಣಕೈಯಿಂದ ತಿವಿದ. "ನೀನೇನು ಬಿಟ್ಟೆ ಮಾಲಕಿ?"

"ಏನೋ ಚಿಲ್ಲರೆ ಎಲೆ," ಎಂದೆ. ಇಬ್ಬರು ರಾಜರ ಹತ್ಯೆಯನ್ನು ಬಾಯಿಬಿಟ್ಟು ಹೇಳಿಕೊಳ್ಳಲಾಗುತ್ತದೆಯೇ?

ನೋಡಿ, ನನ್ನ ಓದು ತಪ್ಪಿರಲಿಲ್ಲ. ಇವಳು ಒಳ್ಳೆಯ ಎಲೆ ಬಂದಿದೆ ಎಂದು ಮನಸಾರೆ ನಂಬಿದ್ದಳು. ನಾನು ಆ ನಂಬಿಕೆಯನ್ನು ಅಕ್ಷರಶಃ ಓದಿದ್ದೆ. ನಂಬಿಕೆಯೇ ತಪ್ಪಾಗಿದ್ದರೆ ಓದಿದವನು ಏನು ಮಾಡಬೇಕು ಎಂಬ ಪ್ರಶ್ನೆ ಮಾತ್ರ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅಲ್ಲಿಂದ ಅನಾಹುತ ಉರುಳುತ್ತಾ ಊದುತ್ತಾ ಹೋಯಿತು. ಅಟ್ರಾಕ್ಟಳ ಮುಖ ಅರಳಿದರೆ ಕೈಯಲ್ಲಿ ಐದು ಇದೆ ಎಂದು ಊರಿಗೆಲ್ಲ ಗೊತ್ತಾಯಿತಲ್ಲ? ಮುಂದಿನ ಸಲ ಅರಳಿದಾಗ ಪ್ಯಾಕಿಯ ತಮ್ಮ ನಗುನಗುತ್ತಾ ತನ್ನ ಸರ್ವಸ್ವವನ್ನೂ ತಳ್ಳಿದ. ಇವಳ ಕೈಯಲ್ಲಿ ಇಬ್ಬರು ರಾಣಿಯರಿದ್ದರು. ಅವನು ಸ್ಯಾಂಡ್‌ವಿಚ್ಚಿಗೆ ಹೋದ. ಪೋಸ್ಟ್ ಮಾಸ್ಟರ್ ಹೋದ. ಪಶುವೈದ್ಯ ಹೋದ. ಪ್ಯಾಕಿ ಡೋಲನ್ ಹೋಗುವಾಗ, "ಆ ಹೆಂಗಸು ಸುಮ್ಮನೆ ನಗ್ತಾಳೆ ಮಾರಾಯಾ, ಏನೂ ತಿಳಿಯಲ್ಲ," ಎಂದು ಗೊಣಗಿದ. ನಾನು ಒಳಗೊಳಗೇ ನಕ್ಕೆ. ಮೂವತ್ತೊಂದು ವರ್ಷ ಇವಳ ಜೊತೆ ಬಾಳಿದವನಿಗೂ ಕುರಿ ಕಾಯುವವನಿಗೂ ವ್ಯತ್ಯಾಸ ಬೇಡವೇ?

ಸಂಜೆ ಐದರ ಹೊತ್ತಿಗೆ ಒಂದೇ ಮೇಜು ಉಳಿಯಿತು. ಐದೂವರೆಗೆ ಇಬ್ಬರೇ ಉಳಿದೆವು. ನಾನು ಮತ್ತು ನನ್ನ ಧರ್ಮಪತ್ನಿ!

ಸುತ್ತ ಜನ ಬೆಂಚು ಹತ್ತಿ ನಿಂತರು. ಎದೆಯಲ್ಲಿ ಆ ಒದ್ದೆ ಬಟ್ಟೆ ಮತ್ತೆ ಹಿಂಡಿಕೊಳ್ಳುತ್ತಿತ್ತು. ಗೆದ್ದರೆ ಇದರ ಮಾತು ಇನ್ನು ಯಾರೂ ಎತ್ತುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು. ನಿಜ ಹೇಳಬೇಕೆಂದರೆ ಅರ್ಧ ಹೋರಿ ಮರೆತೇಹೋಗಿತ್ತು. ಫಾದರ್ ಹಂಚಿದರು. ಮೂಲೆ ಎತ್ತಿ ನೋಡಿದೆ. ಎಕ್ಕ. ಇನ್ನೊಂದು ಎತ್ತಿದೆ. ಎಕ್ಕ!

ಅಟ್ರಾಕ್ಟ ತನ್ನ ಎಲೆ ನೋಡಿದಳು, ಗೋಡೆಯ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಮುಖ ಅರಳಿತು.

"ಎಲ್ಲಾ," ಎಂದಳು.

"ಬಂದೆ!" ಎಂದು ನಾನು ಕುರ್ಚಿ ಬೀಳುವ ಹಾಗೆ ಎದ್ದೆ. "ಐದು ಮತ್ತು ಗುಲಾಮ! ಬರೆದು ಕೊಡ್ತೀನಿ, ಐದು ಮತ್ತು ಗುಲಾಮ!"

ಅವಳು ಎಲೆ ತಿರುಗಿಸಿದಳು. ಇಸ್ಪೀಟ್ ಐದು. ಡೈಮನ್ ಗುಲಾಮ.

ಜನ ಹೋ ಎಂದರು. ಜೀವಮಾನದಲ್ಲಿ ಅಂಥ ಓದು ನಾನು ಓದಿರಲಿಲ್ಲ. ನನ್ನ ಎರಡು ಎಕ್ಕ ಮೇಜಿನ ಮೇಲೆ ಜೋಡಿ ದೀಪದ ಹಾಗೆ ಹೊಳೆದವು. ಫಾದರ್ ಲೆಕ್ಕ ಹಾಕಿ, "ಎಂಟು ಸಲ ಆಡಿದ್ರೆ ಏಳು ಸಲ ಮಾಲಕಿಯೇ ಗೆಲ್ಲೋದು," ಎಂದು ಸಾರಿದರು. ನಡುವಿನ ಎಲೆ ಬಿದ್ದವು. ಒಂಬತ್ತು, ಎರಡು, ಕಳಾವರ್ ಐದು. ಇರಲಿ ಬಿಡಿ, ಅವಳದು ಐದರ ಜೋಡಿ, ನನ್ನದು ಎಕ್ಕದ ಜೋಡಿ. ನಾಲ್ಕನೆಯದು ರಾಜ. ನಾನು ಪ್ಯಾಕಿಯ ಕಡೆ ಕಣ್ಣು ಹೊಡೆದೆ. ಐದನೆಯ ಎಲೆಯನ್ನು ಫಾದರ್ ಎತ್ತಿದರು, ನೋಡಿದರು, ನನ್ನ ಕಡೆ ನೋಡದೆ ಕೆಳಗಿಟ್ಟರು.

ಆಟೀನ್ ಐದು.

ಮೂರು ಐದು! ಪಾದ್ರಿಯ ಕೈಯಿಂದಲೇ ನನಗೆ ಈ ಅನ್ಯಾಯ! ಜನ ಅಟ್ರಾಕ್ಟಳನ್ನು ಎತ್ತಿ ಕುಣಿಸುವುದೊಂದು ಬಾಕಿ. ನಾನು ಒಂದು ಮೊಟ್ಟೆ ಸ್ಯಾಂಡ್‌ವಿಚ್ ಹಿಡಿದು ಬಕೆಟ್ಟಿನ ಪಕ್ಕ ನಿಂತೆ.

ಕಾರಿನಲ್ಲಿ ಮನೆಗೆ ಹೊರಟಾಗ ನನ್ನ ಬಾಯಿ ತಡೆಯಲಾಗಲಿಲ್ಲ.

"ಇಷ್ಟು ಹೊತ್ತು ಆಡಿದ ಮೇಲೂ ನಿನಗೆ ಐದು ದೊಡ್ಡದಲ್ಲ ಅಂತ ತಲೆಗೆ ಹೋಗ್ಲಿಲ್ವಾ?"

"ಮೊದಲ ಆಟದಲ್ಲೇ ಫಾದರ್ ಹೇಳಿದ್ರಲ್ಲ, ನಾನೇನು ಪೆದ್ದೀನಾ?"

"ಮತ್ತೆ ನನ್ನ ಹತ್ರ ಏನಿರಬಹುದು ಅಂತಾದ್ರೂ ಯೋಚಿಸಿದ್ಯಾ?"

"ಭಾರೀ ಎಲೆ ಇದೆ ಅಂತ ಗೊತ್ತಿತ್ತು."

"ಗೊತ್ತಿತ್ತಾ! ಗೊತ್ತಿದ್ದೂ ಐದು ಹಿಡ್ಕೊಂಡು ಎಲ್ಲಾ ತಳ್ಳಿದ್ಯಾ?"

"ಒಲೆಯಲ್ಲಿ ಕುರಿ ತೊಡೆ ಇಟ್ಟು ಬಂದಿದೀನಿ ಮಾರಾಯಾ. ಆರು ಗಂಟೆಗೆ ತೆಗೀಬೇಕಿತ್ತು. ಹೇಗಾದ್ರೂ ಮುಗೀಲಿ ಅಂತ ತಳ್ಳಿದೆ."

ನನ್ನ ಎರಡು ಎಕ್ಕಗಳನ್ನು ಕೊಂದದ್ದು ಕುರಿಯ ತೊಡೆ! ಆಮೇಲೆ ಕೇಳಿದೆ.

"ನನ್ನ ಹತ್ರ ಭಾರೀ ಎಲೆ ಇದೆ ಅಂತ ಹೇಗೆ ಗೊತ್ತಾಯ್ತು? ನಾನು ಮುಖ ಅಲ್ಲಾಡಿಸಲೇ ಇಲ್ವಲ್ಲ!"

"ನಿನ್ನ ಮುಖ ಯಾರು ನೋಡ್ತಾರೆ? ಒಳ್ಳೆ ಎಲೆ ಬಂದ್ರೆ ನೀನು ಸುಮ್ಮನಾಗಿಬಿಡ್ತೀಯ. ಕೆಟ್ಟ ಎಲೆ ಬಂದ್ರೆ ತಮಾಷೆ ಶುರು. ಇಡೀ ಮಧ್ಯಾಹ್ನ ನೋಡಿದೆ, ಒಂದು ಸಲಾನೂ ತಪ್ಪಲಿಲ್ಲ." ಅವಳು ಗೇರು ಬದಲಿಸಿದಳು. "ಮಾರ್ಚ್‌ನಿಂದ ನೀನು ಬಾಯಿ ಬಿಟ್ರೆ ಬರೀ ತಮಾಷೆ ಮಾಲಕಿ. ನನಗೆ ರಾತ್ರಿ ನಿದ್ದೆ ಬರ್ತಿಲ್ಲ."

ಅದಕ್ಕೆ ಉತ್ತರವಾಗಿ ನನ್ನ ನಾಲಿಗೆಯ ತುದಿಗೆ ಒಂದು ಒಳ್ಳೆಯ ತಮಾಷೆಯೇ ಬಂದಿತ್ತು. ನುಂಗಿಕೊಂಡೆ. ನನ್ನ ಕಣ್ಣು ಒದ್ದೆಯಾದದ್ದನ್ನೂ ಇವಳು ಓದಿಬಿಟ್ಟಾಳೆಂದು ಕಿಟಕಿಯ ಕಡೆ ತಿರುಗಿದೆ.

ಮಂಗಳವಾರ ತೆಪ್ಪಗೆ ಕಾರು ಹತ್ತಿದೆ. ಡಾಕ್ಟರು ಎದೆಗೆ ತಂತಿಗಳನ್ನು ಅಂಟಿಸಿ ಪಟ್ಟಿ ತೆಗೆದರು, ಪಟ್ಟಿ ನೋಡಿ ಮನೆಗೆ ಹೋಗಬೇಡಿ ಎಂದರು. ಅಲ್ಲಿಂದಲೇ ದೊಡ್ಡಾಸ್ಪತ್ರೆ. ಮರುದಿನ ಮಣಿಕಟ್ಟಿನಿಂದ ನಳಿಗೆ ತೂರಿಸಿ, ಹೃದಯದ ಎರಡು ಕೊಳವೆ ಅಗಲಿಸಿ, ಒಳಗೆ ಸ್ಟೆಂಟ್ ಕೂರಿಸಿದರು. ಅದನ್ನು ಮಾಡಿದ, ನೋಡಲು ಹುಡುಗಿಯಂತಿದ್ದ ಹೃದಯ ತಜ್ಞೆ ಹಾಸಿಗೆಯ ಪಕ್ಕ ನಿಂತು ಹೇಳಿದಳು, "ನಿಮ್ಮದು ಭಾರೀ ಅದೃಷ್ಟ ಕಣ್ರೀ. ಇನ್ನೊಂದು ತಿಂಗಳು ತಡ ಮಾಡಿದ್ರೆ ನಾವು ಮಾತಾಡ್ತಿರ್ಲಿಲ್ಲ."

ಅವಳು ಹೋದ ಮೇಲೆ ಲೆಕ್ಕ ಹಾಕಿದೆ. ಎಂಟರಲ್ಲಿ ಏಳು ಸಲ ನಾನೇ ಗೆಲ್ಲಬೇಕಿದ್ದ ಆಟ! ಆ ಏಳರಲ್ಲಿ ಒಂದು ಬಿದ್ದಿದ್ದರೂ ಗೆದ್ದ ಖುಷಿಯಲ್ಲಿ ಮನೆಗೆ ಹೋಗಿ, ಡಾಕ್ಟರ ಹೆಸರೆತ್ತದೆ, ಅಪ್ಪನ ಹಾಗೆ ಸಂತೆಯ ಗೇಟಿನಲ್ಲಿ ಮಲಗುತ್ತಿದ್ದೆ. ನಾನು ಶಪಿಸಿದ ಆ ಎಲೆಗಳೇ ನನ್ನನ್ನು ಉಳಿಸಿದ್ದವು. ಅಟ್ರಾಕ್ಟಳ ಕೈ ಹಿಡಿದೆ. ಹರಾಜು ಕೂಗುವ ಗಂಟಲಿನಿಂದ ಪಿಸುಮಾತೇ ಹೊರಟಿತು.

"ನೋಡು ಅಟ್ರಾಕ್ಟ, ಆ ಎರಡು ಐದು ಬೀಳದೇ ಇದ್ದಿದ್ರೆ ನಾನು ಇವತ್ತು ಇಲ್ಲಿರ್ತಿರ್ಲಿಲ್ಲ."

"ಯಾಕಿರ್ತಿರ್ಲಿಲ್ಲ?" ಎಂದಳು ಅವಳು, ದಿಂಬು ಸರಿಮಾಡುತ್ತಾ. "ಮಂಗಳವಾರದ ಸಮಯ ನಾನು ಗುರುವಾರವೇ ತಗೊಂಡಿದ್ದೆ. ಪಂದ್ಯಕ್ಕೆ ಮೂರು ದಿನ ಮುಂಚೆ."

"ನಾನು ಗೆದ್ದಿದ್ರೆ?"

"ಗೆದ್ದಿದ್ರೆ, ಬಾ, ಹೋರಿ ಮಾಂಸ ತರೋಣ ಅಂತ ಕಾರು ಹತ್ತಿಸಿ ಡಾಕ್ಟರ್ ಹತ್ರಾನೇ ಕರ್ಕೊಂಡು ಹೋಗ್ತಿದ್ದೆ. ಸೋತಿದ್ರಿಂದ ನೀನಾಗೇ ಹತ್ತಿದೆ, ಅಷ್ಟೇ ವ್ಯತ್ಯಾಸ."

"ಮತ್ತೆ ಪಣ? ಮಾತು ಕೊಟ್ಟಿದ್ಯಲ್ಲ!"

ಅವಳು ದಿಂಬು ಬಿಟ್ಟು ನನ್ನ ಮುಖವನ್ನೇ ನೋಡಿದಳು. ಆ ನೋಟವನ್ನು ಓದಲು ನನಗೆ ಯಾವ ವಿದ್ಯೆಯೂ ಬೇಕಾಗಲಿಲ್ಲ.

"ಸುಳ್ಳು ಹೇಳಿದ್ದೆ," ಎಂದಳು. "ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಗಂಡನ್ನ ಇಸ್ಪೀಟೆಲೆ ಕೈಗೆ ಕೊಟ್ಟು ಕೂರೋಕೆ ನನಗೇನು ಹುಚ್ಚಾ?"