ಹಿಂದಿನ ಎರಡು ಸ್ಪೀಕರು ಎಲ್ಲಿಡೋದು?

ವಾರಕ್ಕೆ ಒಂದಾದರೂ ಹೇಳುವಂಥ ತಮಾಷೆ ನಡೆಯದಿದ್ದರೆ ನನ್ನ ಹೆಂಡತಿಗೆ ಅನುಮಾನ ಬರುತ್ತದೆ. "ಇವತ್ತು ನಿಜವಾಗಿ ಕೆಲಸಕ್ಕೆ ಹೋಗಿದ್ದಿರಾ?" ಎಂದು ಕೇಳುತ್ತಾಳೆ. ಮುಂಬಯಿಯ ಮನೆಗಳಲ್ಲಿ ಹೋಮ್ ಥಿಯೇಟರ್ ಕೂರಿಸುವುದು ನನ್ನ ಕೆಲಸ. ಟಿವಿಯ ಎಡಬಲಕ್ಕೆ ಎರಡು ಸ್ಪೀಕರು, ಮಾತು ಕೇಳಿಸಲು ನಡುವೆ ಒಂದು, ಕೂತವರ ಬೆನ್ನ ಹಿಂದೆ ಎರಡು, ಗುಡುಗು ಸಿಡಿಲಿಗೆ ನೆಲದ ಮೇಲೆ ಸಬ್‌ವೂಫರ್ ಎಂಬ ದಪ್ಪ ಪೆಟ್ಟಿಗೆ. ಕಾಗದದ ಮೇಲೆ ಗೆರೆ ಎಳೆದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಕಾಗದದ ಮೇಲೆ ಅತ್ತೆ, ಸೊಸೆ, ದೇವರ ಮಂಟಪ, ಪಕ್ಕದ ಮನೆ ಇವೆಲ್ಲ ಇರುವುದಿಲ್ಲವಲ್ಲ. ಇಪ್ಪತ್ತು ವರ್ಷಗಳಿಂದ ಡ್ರಿಲ್ ಮೆಶಿನನ್ನು ಮಡಿಲಲ್ಲಿಟ್ಟುಕೊಂಡು ಲೋಕಲ್ ರೈಲಿನಲ್ಲಿ ಓಡಾಡುತ್ತಿದ್ದೇನೆ. ಮರೆಯಲಾಗದ ಕೆಲವು ಮನೆಗಳ ಕಥೆ ಇಲ್ಲಿದೆ.

ಒಳ್ಳೆಯ ಜಾಗ

ಎಲ್ಲ ಸ್ಪೀಕರುಗಳ ದನಿ ಸರಿಯಾಗಿ ಬಂದು ಸೇರುವ ಜಾಗ ಒಂದು ಕೋಣೆಯಲ್ಲಿ ಒಂದೇ ಇರುತ್ತದೆ. ಆದ್ದರಿಂದ ಪವಾಯಿಯ ಆ ಮನೆಯಲ್ಲೂ ಮೊದಲು ಕೇಳಿದೆ, "ಮುಖ್ಯವಾಗಿ ಕೂತು ನೋಡುವವರು ಯಾರು?"

"ನಾನು" ಎಂದರು ಯಜಮಾನರು.

"ನೀವು ಹತ್ತು ನಿಮಿಷಕ್ಕೆ ಗೊರಕೆ ಹೊಡೀತೀರಿ. ನಾನು" ಎಂದರು ಅವರ ಹೆಂಡತಿ.

ಕಾಲೇಜಿಗೆ ಹೋಗುವ ಮಗಳು, "ಪಪ್ಪಾ, ಸಬ್‌ಸೇ ಜಾಸ್ತಿ ನಾನೇ ನೋಡೋದು ನಾ" ಎಂದಳು. ಮೂಲೆಯಲ್ಲಿದ್ದ ಅಜ್ಜಿ, "ನನ್ನನ್ನು ಲೆಕ್ಕಕ್ಕೆ ಹಿಡೀಬೇಡಿ, ನಾನು ಎಲ್ಲಾದರೂ ಕೂತೇನು" ಎಂದರು. ಲೆಕ್ಕಕ್ಕೆ ಹಿಡಿಯಲೇಬೇಕು ಎಂಬುದು ಆ ದನಿಯಲ್ಲೇ ಗೊತ್ತಾಗುತ್ತಿತ್ತು.

ಕೊನೆಗೆ ಸೋಫಾದ ನಟ್ಟನಡುವೆ ಎಂದು ತೀರ್ಮಾನವಾಯಿತು, ಯಾರು ಮೊದಲು ಬರುತ್ತಾರೋ ಅವರಿಗೆ. ಟೇಪು ಹಿಡಿದು ಅಳೆದು ಐದೂ ಸ್ಪೀಕರುಗಳ ಮುಖವನ್ನು ಆ ಜಾಗಕ್ಕೆ ತಿರುಗಿಸಿದೆ. ಸಂಜೆ ಎಲ್ಲರನ್ನೂ ಕರೆದೆ. ಅವರು ಬರುವಷ್ಟರಲ್ಲಿ ಆ ಮನೆಯ ಮುದಿ ನಾಯಿ ನಿಧಾನಕ್ಕೆ ಸೋಫಾ ಹತ್ತಿ ನಟ್ಟನಡುವೆ ಮೈಚಾಚಿ ಮಲಗಿತು. ಹಿಂಗಾಲು ನೋಯುತ್ತದೆ, ಎಬ್ಬಿಸಬಾರದು ಎಂದು ನಾಲ್ಕೂ ಜನ ಒಂದೇ ಬಾಯಲ್ಲಿ ಹೇಳಿದರು. ಆ ಮನೆಯಲ್ಲಿ ಅಂದು ಎಲ್ಲರೂ ಒಪ್ಪಿದ ಮಾತು ಅದೊಂದೇ. ಯಜಮಾನರು ನೆಲದ ಮೇಲೆ ಕೂತು ಅದರ ತಲೆ ಸವರುತ್ತಿದ್ದರು.

ಅಜ್ಜಿ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು, "ಪಾಪ, ಅದಕ್ಕೆ ಕಿವಿ ಕೇಳದೆ ಎರಡು ವರ್ಷ ಆಯ್ತು."

ಬಲಗಡೆ, ಹಿಂದೆ

ಮಾಟುಂಗದಲ್ಲಿ ಒಬ್ಬ ರಾಯರಿದ್ದರು. ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತು ವರ್ಷ ಕೂತು ನಿವೃತ್ತರಾದವರು. ನಮ್ಮ ಸ್ಪೀಕರು ಅಂಗಡಿಗೆ ಬಂದವರೇ, "ನನ್ನ ಹೆಂಡತಿಗೆ ಈಗ ಮುಖಗಳು ಕಾಣುವುದಿಲ್ಲ, ನೆರಳು ಮಾತ್ರ" ಎಂದರು. "ಟಿವಿ ಹಾಕಿದರೆ ಯಾರು ಬಂದರು, ಎಲ್ಲಿಂದ ಬಂದರು ಅಂತ ನಾನು ಪಕ್ಕದಲ್ಲಿ ಕೂತು ಹೇಳ್ತೇನೆ. ಅವಳಿಗೆ ಅದೇ ಉಪದ್ರ. ನೀವು ಸುಮ್ಮನಿದ್ದರೆ ಮಾತಾದರೂ ಕೇಳಿಸ್ತದೆ ಅಂತಾಳೆ. ದಿಕ್ಕು ಅವಳಿಗೇ ಗೊತ್ತಾಗುವ ಹಾಗೆ ಮಾಡಿ ಕೊಡಿ ಮಾರಾಯ್ರೇ."

ಮನೆಗೆ ಹೋಗಿ ಅಮ್ಮನವರ ಬೆತ್ತದ ಕುರ್ಚಿಯನ್ನು ಮೊದಲು ನೋಡಿದೆ. ಸಾಮಾನ್ಯವಾಗಿ ಸ್ಪೀಕರು ಇಟ್ಟು ಕುರ್ಚಿ ಸರಿಸುತ್ತೇವೆ. ಆ ಮನೆಯಲ್ಲಿ ಕುರ್ಚಿ ಇದ್ದಲ್ಲೇ ಇರಲಿ ಎಂದು ಸ್ಪೀಕರುಗಳನ್ನೇ ಸರಿಸಿದೆ. ಆಮೇಲೆ ಪರೀಕ್ಷೆಯ ಶಬ್ದಗಳನ್ನು ಹಾಕಿದೆ.

"ಎಡಗಡೆ ಮಳೆ" ಎಂದು ಅಮ್ಮ ಬೆರಳು ತೋರಿಸಿದರು. "ಈಗ ಒಂದು ಬಸ್ಸು, ಎಡದಿಂದ ಬಲಕ್ಕೆ ಹೋಯ್ತು. ಹಿಂದೆ ಎಲ್ಲೋ ಹಕ್ಕಿ."

ರಾಯರು ಟಿವಿ ನೋಡುತ್ತಿರಲಿಲ್ಲ, ಆ ಬೆರಳನ್ನೇ ನೋಡುತ್ತಿದ್ದರು. ಕಣ್ಣು ಒದ್ದೆಯಾಗಿತ್ತು. ನಾನು ವಯರು ಸರಿ ಮಾಡುವವನಂತೆ ಆಚೆ ತಿರುಗಿದೆ.

"ಬಲಗಡೆ, ಹಿಂದೆ" ಎಂದರು ಅಮ್ಮ. "ಕುಕ್ಕರ್ ಕೂಗ್ತಾ ಉಂಟು. ಎಷ್ಟು ಚಂದ. ಥೇಟ್ ನಮ್ಮ ಕುಕ್ಕರಿನ ಹಾಗೆಯೇ."

ನನ್ನ ಶಬ್ದಗಳಲ್ಲಿ ಕುಕ್ಕರ್ ಇತ್ತೋ ಇಲ್ಲವೋ ನೆನಪಾಗಲಿಲ್ಲ. ಯಾರಾದರೂ ಹೊಗಳುತ್ತಿರುವಾಗ ಅದೆಲ್ಲ ಯಾರಿಗೆ ನೆನಪಾಗುತ್ತದೆ? "ಹೌದಮ್ಮ, ಒಳ್ಳೆಯ ಸ್ಪೀಕರು" ಎಂದೆ. ಇನ್ನೂ ಮೂರು ಸಲ ಕೂಗಿತು. ಮೂರು ಸಲವೂ ಅವರು ಸರಿಯಾದ ದಿಕ್ಕನ್ನೇ ತೋರಿಸಿದರು, ನಾವಿಬ್ಬರೂ ತಲೆದೂಗಿದೆವು. ಆಮೇಲೆ ರಾಯರು "ಬೇಳೆ" ಎಂದು ಅಡುಗೆಮನೆಗೆ ಓಡಿದರು.

ಅಮ್ಮ ಮೂಗರಳಿಸಿ ನನ್ನನ್ನು ಕೇಳಿದರು, "ಇದರಲ್ಲಿ ವಾಸನೆಯೂ ಬರ್ತದಾ?"

ಕೆಳಗಿನ ಮನೆ

ಘಾಟ್‌ಕೋಪರಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಸಬ್‌ವೂಫರ್ ಕೂರಿಸಿ ಬಂದೆ. ವಾರದೊಳಗೆ ಕೆಳಗಿನ ಮನೆಯಿಂದ ದೂರು ಬಂತು. ಅಲ್ಲಿದ್ದವರು ನಿವೃತ್ತ ಮರಾಠಿ ಟೀಚರ್, ಒಂಟಿ ಹೆಂಗಸು. ದೂರನ್ನು ಕೆಂಪು ಶಾಯಿಯಲ್ಲಿ ಬರೆದು ಸೊಸೈಟಿಯ ಸೆಕ್ರೆಟರಿಗೆ ಕೊಟ್ಟಿದ್ದರು. ನಾನು ಹೋಗಿ ನೋಡಿದೆ. ಅವರು ಹೇಳಿದ್ದು ಸುಳ್ಳಲ್ಲ, ಮೇಲೆ ಟಿವಿ ಹಾಕಿದರೆ ಇಲ್ಲಿ ಕಪಾಟಿನ ಗಾಜಿನ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಪೆಟ್ಟಿಗೆಯನ್ನು ಬೇರೆ ಮೂಲೆಗೆ ಸರಿಸಿ, ಅಡಿಗೆ ದಪ್ಪ ರಬ್ಬರ್ ಹಾಕಿದೆ. ಲೋಟಗಳು ಸುಮ್ಮನಾದವು.

ಹದಿನೈದು ದಿನದಲ್ಲಿ ಮತ್ತೆ ಕರೆ. ಟೀಚರ್ ಪುನಃ ನನ್ನನ್ನೇ ಕೇಳುತ್ತಿದ್ದಾರಂತೆ. ನಾನು ಹೆದರಿಕೊಂಡೇ ಹೋದೆ. ಅವರು ಚಹಾ ಕೊಟ್ಟು ಕೂರಿಸಿ ಹೇಳಿದ್ದರ ಅರ್ಥ ಇಷ್ಟು: ಸಂಜೆ ಏಳಕ್ಕೆ ಲೋಟ ಅಲುಗಿದರೆ ಮೇಲಿನ ಮನೆಯ ಆ ಹುಡುಗ ಹುಡುಗಿ ಆಫೀಸಿನಿಂದ ಬಂದರು, ಊಟಕ್ಕೆ ಕೂತರು ಎಂದು ಗೊತ್ತಾಗುತ್ತಿತ್ತು. ಈಗ ಮೇಲೆ ಜನ ಇದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ, ಅನ್ನ ಸೇರುವುದಿಲ್ಲ. ಹೆಚ್ಚೇನೂ ಬೇಡ, ಸ್ವಲ್ಪ ಮೊದಲಿನ ಹಾಗೆ ಮಾಡಲಾದೀತೇ?

"ಎಷ್ಟು ಮೊದಲಿನ ಹಾಗೆ?" ಎಂದು ಕೇಳಿದೆ.

ಅವರು ಕಪಾಟನ್ನು ನೋಡಿ ಯೋಚಿಸಿದರು. "ಎಲ್ಲ ಬೇಡ. ಎರಡು ಲೋಟದಷ್ಟು ಸಾಕು."

ಸ್ವಂತ ಮನೆ

ನಿಮ್ಮ ಮನೆಯಲ್ಲಿ ಯಾವ ಸಿಸ್ಟಮ್ ಇದೆ ಎಂದು ಜನ ಕೇಳುತ್ತಾರೆ. ನಮ್ಮಲ್ಲಿರುವುದು ಒಂದು ಸ್ಟೀಲಿನ ಚೊಂಬು. ನನ್ನವಳು ಅದರೊಳಗೆ ಮೊಬೈಲ್ ನಿಲ್ಲಿಸಿ ಭಜನೆ ಕೇಳುತ್ತಾಳೆ. ಮರ್ಯಾದೆ ಉಳಿಸಿಕೊಳ್ಳಲು ಒಂದು ಭಾನುವಾರ ಐದು ಸ್ಪೀಕರು ತಂದು ಜೋಡಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿ, "ಚೆನ್ನಾಗಿದೆ. ಇದನ್ನು ಅಡುಗೆಮನೆಗೆ ಎತ್ತಿಕೊಂಡು ಹೋಗಬಹುದಾ?" ಎಂದಳು. ಆಗುವುದಿಲ್ಲ ಎಂದೆ. "ಚೊಂಬಿನಲ್ಲಿ ಆಗ್ತದೆ" ಎಂದಳು. ಮರುದಿನ ನಾನು ಸುಮ್ಮನೆ ಆ ಚೊಂಬನ್ನು ಗೋಡೆಯ ಮೂಲೆಗೆ ಒಂದು ಗೇಣು ಸರಿಸಿದೆ. ದನಿ ದೊಡ್ಡದಾಯಿತು. ಅವಳು ಒಗ್ಗರಣೆಯ ಸೌಟು ಹಿಡಿದು ನನ್ನನ್ನೇ ನೋಡಿದಳು.

"ಪರವಾಗಿಲ್ಲ. ನಿಮಗೆ ಕೆಲಸ ಗೊತ್ತುಂಟು."

ಗೋಡೆಯ ಆಚೆ

ವಿಕ್ರೋಳಿಯ ಒಂದು ಚಾಳದ ವಠಾರದಲ್ಲಿ ವಿಜಯಪುರ ಕಡೆಯ ಟೈಲ್ಸ್ ಮೇಸ್ತ್ರಿಯೊಬ್ಬ ಇದ್ದಾನೆ. ಮನೆ ಎಂದರೆ ಒಂದೇ ಕೋಣೆ. ಅದರಲ್ಲೇ ಮಂಚ, ಕಪಾಟು, ಒಲೆ. ಇಷ್ಟು ಜಾಗಕ್ಕೆ ಎರಡು ಸ್ಪೀಕರು ಸಾಕು ಎಂದೆ.

"ಹಂಗನಬ್ಯಾಡ್ರಿ ಸರ" ಎಂದ. "ಮಂದಿ ಮನ್ಯಾಗ ಎಷ್ಟೋ ಥಿಯೇಟರ್ ಕೋಣಿಗೆ ನಾನ ಟೈಲ್ಸ್ ಹಾಕೀನಿ. ಒಂದರಾಗೂ ಕುಂತು ನೋಡಿಲ್ರಿ. ನಮ್ಮನ್ಯಾಗ ಹಿಂದಿನವು ಎರಡೂ ಬೇಕ."

ಹಿಂದಿನ ಗೋಡೆ ಪಕ್ಕದ ಮನೆಗೂ ಸೇರಿದ್ದು, ಹಪ್ಪಳದಷ್ಟು ತೆಳು. ಬೇರೆ ಜಾಗವಿರಲಿಲ್ಲ, ಅಲ್ಲೇ ತೂಗುಹಾಕಿದೆ. ಆಚೆ ಕಡೆ ಇರುವವರು ಉಡುಪಿ ಕಡೆಯ ಗಂಡ ಹೆಂಡತಿ, ಇಡ್ಲಿ ಹಿಟ್ಟು ರುಬ್ಬಿ ಮಾರುವವರು. ನಲ್ಲಿ ನೀರಿನ ಸರದಿಗಾಗಿ ಜಗಳವಾಗಿ ಎರಡು ಮನೆಗೂ ಎರಡು ವರ್ಷಗಳಿಂದ ಮಾತಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ನಾಲ್ಕನೇ ದಿನ ಮೇಸ್ತ್ರಿಯ ಫೋನು. "ಬಾಜೂ ಮನಿ ಅಕ್ಕಾರು ಬಾಗಲದಾಗ ನಿಂತಾರ್ರಿ, ನಿಮ್ಮನ್ನ ಕರೀ ಅಂತಾರ." ನಾನು ಡ್ರಿಲ್ ತೆಗೆದುಕೊಂಡೇ ಹೋದೆ.

"ನೀವಾ ಇದನ್ನು ಹಾಕಿದ್ದು?" ಎಂದರು ಆ ಅಕ್ಕ.

"ಹೌದಕ್ಕ. ಈಗಲೇ ತೆಗೀತೇನೆ."

"ತೆಗೀಲಿಕ್ಕೆ ಯಾರು ಹೇಳಿದ್ದು? ನಮ್ಮ ಬದಿಗೆ ಬರೀ ಗಾಳಿ, ಮಳೆ, ಕುದುರೆ ಬರ್ತದೆ. ಮಾತು ಒಂದೂ ಇಲ್ಲ. ನಿನ್ನೆ ಯಾರೋ ಬಾಗಿಲು ದಡಾರನೆ ಹಾಕಿ ಹೋದರು. ರಾಜನಾ ರಾಣಿಯಾ ಅಂತ ಗೊತ್ತಾಗದೆ ನಮಗೆ ಎಂಥದ್ದೂ ಬೇಡಾಗಿದೆ. ಮಾತಿನ ಸ್ಪೀಕರು ನಮ್ಮ ಗೋಡೆಗೂ ಒಂದು ಹಾಕಿ."

ನಾನು ಡ್ರಿಲ್ಲನ್ನು ಕೆಳಗಿಟ್ಟೆ. ಮೇಸ್ತ್ರಿಯ ಹೆಂಡತಿ ಒಳಗಿನಿಂದ, "ಅಕ್ಕಾ, ಒಳಗ ಬಂದು ಕುಂತು ನೋಡ್ರಿ. ನಿನ್ನಿದ ಮತ್ತ ಹಚ್ಚತೀವಿ" ಎಂದಳು. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು ಮಂಚದ ತುದಿಯಲ್ಲಿ ಕೂತರು. ಟಿವಿ ಶುರುವಾಯಿತು. ಬಾಗಿಲು ಹಾಕಿದ ಶಬ್ದ ಬಂದದ್ದೇ ತಡ, ಗೋಡೆಯ ಆಚೆಯಿಂದ ಒಂದು ಗಂಡು ದನಿ ಬಂತು.

"ಹೋದದ್ದು ಯಾರು?"

ಅಕ್ಕ ತಲೆ ತಗ್ಗಿಸಿದರು. ಮೇಸ್ತ್ರಿ ಹಿಂದಕ್ಕೆ ತಿರುಗಿ, ಗೋಡೆಯ ಸ್ಪೀಕರನ್ನೇ ನೋಡುತ್ತ ಹೇಳಿದ, "ರಾಣಿ ಹೋದಳ್ರಿ. ಸಿಟ್ಟಾಗಿ ತವರಮನಿಗೆ."

"ಕುದುರೆ ಮೇಲಾ?"

"ಹೌದ್ರಿ."

"ಒಬ್ಬಳೇ?"

ಮೇಸ್ತ್ರಿ ನಮ್ಮನ್ನೆಲ್ಲ ಒಮ್ಮೆ ನೋಡಿ, "ಇಷ್ಟೆಲ್ಲಾ ಗ್ವಾಡಿಗೆ ಹೆಂಗ ಹೇಳಲ್ರಿ? ಈ ಕಡೆ ಬರ್ರಿ" ಎಂದ.

ಆಚೆ ಕುರ್ಚಿ ಸರಿದ ಶಬ್ದವಾಯಿತು. ಸ್ವಲ್ಪದರಲ್ಲಿ ಪಕ್ಕದ ಮನೆಯ ಅಣ್ಣ ತನ್ನ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಾಗಿಲಲ್ಲಿ ನಿಂತರು. ಮೇಸ್ತ್ರಿ ಅದನ್ನು ಇಸಿದುಕೊಂಡು ಕೋಣೆಯ ನಟ್ಟನಡುವೆ ಹಾಕಿಕೊಟ್ಟ, ತಾನು ನೆಲಕ್ಕೆ ಕೂತ. ಅಣ್ಣ ಕೂತರು, ಟಿವಿಯನ್ನು ನೋಡಿದರು, ಹುಬ್ಬು ಗಂಟು ಹಾಕಿ ಮತ್ತೊಮ್ಮೆ ನೋಡಿದರು.

"ಕುದುರೆ ಇಷ್ಟೇ ಸಣ್ಣದಾ? ನಮ್ಮ ಮನೆಯಲ್ಲಿ ಇದಕ್ಕಿಂತ ತುಂಬ ದೊಡ್ಡದಿತ್ತು."